ಒಂದೇ ಮಾತ್ರೆ, ಒಂದು ರಿಪೋರ್ಟಲ್ಲಿ 64, ಇನ್ನೊಂದರಲ್ಲಿ 412. ಯಾವ್ದು ಖರೇ ಮೇಡಂ?

ಈ ಸಲದ ಪತ್ರ ಸ್ವಲ್ಪ ಉದ್ದ ಇದೆ, ಆದ್ರೆ ಕತ್ತರಿಸೋಕೆ ಮನಸ್ಸಾಗ್ಲಿಲ್ಲ. ಹೆಸರು, ಕೆಲಸದ ವಿವರ ತೆಗೆದು ಹಾಗೇ ಹಾಕ್ತಿದೀನಿ.

"ಮೇಡಂ ನಮಸ್ಕಾರ್ರೀ. ನಾ ಹುಬ್ಬಳ್ಳಿಯಾಕಿ, 26 ವರ್ಷ, ಟ್ರಾನ್ಸ್ ವುಮನ್. ಹಾರ್ಮೋನ್ ಶುರು ಮಾಡಿ 8 ತಿಂಗಳಾತು. ಬೆಂಗಳೂರಿನ ಡಾಕ್ಟರ್ ಒಬ್ರು ಬರದುಕೊಟ್ಟಾರ, ಆದ್ರ ರಜಾ ಸಿಗೂದಿಲ್ಲ, ಅವರ ಕಡೆ ಹೋಗಿ ಐದು ತಿಂಗಳಾತು. ಪ್ರೊಜಿನೋವಾ 2 ಎಂಜಿ ಮುಂಜಾನೆ ಒಂದು ರಾತ್ರಿ ಒಂದು, ನಾಲಿಗಿ ಕೆಳಗ ಇಟ್ಕೋತೀನಿ, ಆಲ್ಡಾಕ್ಟೋನ್ 50 ಎರಡು ಹೊತ್ತು. ಮೊದಲ ಒಂದು ಲ್ಯಾಬಿನಾಗ ಎಸ್ಟ್ರಾಡಿಯೋಲ್ 64 ಬಂತು, ಟೆಸ್ಟೋಸ್ಟಿರಾನ್ 38. ಕಡಿಮಿ ಐತಿ ಅಂತ ಹೆದರಿ ಮೂರು ವಾರ ಬಿಟ್ಟು ಇನ್ನೊಂದು ಲ್ಯಾಬಿನಾಗ ಮಾಡಿಸಿದೆ, ಎಸ್ಟ್ರಾಡಿಯೋಲ್ 412, ಟೆಸ್ಟೋಸ್ಟಿರಾನ್ 0.41! ಎರಡೂ ರಿಪೋರ್ಟಿನಾಗ ಕೆಂಪು ಅಕ್ಷರದಾಗ ಹೈ, ಲೋ ಅಂತ ಹೊಡದಾರ. ಲಂಡನ್ನಿನಾಗಿರೂ ಗೆಳತಿ ತನ್ನ ಲೆವೆಲ್ 550 ಐತಿ ಅಂತಾಳ, ಎದಿ ಬೆಳೀಬೇಕಂದ್ರ ಕನಿಷ್ಠ 300 ಬೇಕು, ವಾರಕ್ಕ 10 ಎಂಜಿ ಇಂಜೆಕ್ಷನ್ ಹಾಕ್ಸು ಅಂತ ಇಲ್ಲಿ ಅಕ್ಕ ಒಬ್ರು ಹೇಳ್ತಾರ. ನನಗ ಎದಿ ಅಷ್ಟೇನೂ ಬಂದಿಲ್ಲ. ಡೋಸ್ ಏರಸ್ಲ್ಯಾ? ಇಷ್ಟು ತಗೊಂಡ್ರ ಕ್ಯಾನ್ಸರ್ ಬರ್ತದ ಅಂತ ಮೆಡಿಕಲ್ ಶಾಪಿನಾಂವ ಅಂದ, ಅದು ಖರೇನಾ? ಕೂದ್ಲಕ್ಕ ಬಯೋಟಿನ್ ಗುಳಿಗಿನೂ ತಗೋತೀನಿ. ಮನ್ಯಾಗ ಅವ್ವಗ ಮಾತ್ರ ಗೊತ್ತು, ಗುಳಿಗಿ ಉಷ್ಣ ಆಗ್ತಾವ ಅಂತ ದಿನಾ ಎರಡು ಎಳನೀರು ಕುಡಸ್ತಾಳ. ಎರಡೂ ರಿಪೋರ್ಟಿನ ಫೋಟೋ ಕಳಿಸೇನಿ."

ಹುಬ್ಬಳ್ಳಿಯಾಕಿ ಅಂತ ಶುರು ಮಾಡಿದ್ದು ನೋಡಿ ನಂಗೆ ಖುಷಿ ಆಯ್ತು, ಮೊದ್ಲು ಅದನ್ನ ಹೇಳ್ಬಿಡ್ತೀನಿ.

ಈಗ ರಿಪೋರ್ಟಿಗೆ ಬರೋಣ. ಹೊಸದಾಗಿ ಓದ್ತಿರೋರಿಗೆ ಒಂದು ಮಾತು, ಎಸ್ಟ್ರಾಡಿಯೋಲ್ ಅಂದ್ರೆ ಹೆಣ್ಣು ಹಾರ್ಮೋನ್ ಎಸ್ಟ್ರೋಜನ್ನಿನ ಮುಖ್ಯ ರೂಪ, ಟೆಸ್ಟೋಸ್ಟಿರಾನ್ ಗಂಡು ಹಾರ್ಮೋನ್. ಇವರ ಪ್ರೊಜಿನೋವಾ ಮೊದಲನೇದನ್ನ ಏರಿಸೋಕೆ, ಆಲ್ಡಾಕ್ಟೋನ್ ಎರಡನೇದರ ಕೆಲಸ ತಡೆಯೋಕೆ. ನಿಮ್ಮ ಭಯ ಏನು ಅಂದ್ರೆ ಮೂರು ವಾರದಲ್ಲಿ ಹಾರ್ಮೋನ್ ಆರು ಪಟ್ಟು ಏರಿದೆ, ಟೆಸ್ಟೋಸ್ಟಿರಾನ್ ಸೊನ್ನೆಗೆ ಬಿದ್ದಿದೆ, ಅಥವಾ ಎರಡು ಲ್ಯಾಬಲ್ಲಿ ಒಂದು ಸುಳ್ಳು ಹೇಳ್ತಿದೆ. ಮೂರೂ ಅಲ್ಲ. ಎರಡು ರಿಪೋರ್ಟೂ ಸರಿಯಾಗೇ ಇದಾವೆ ಅನ್ನೋದು ನನ್ನ ಅಂದಾಜು, ಮತ್ತೆ ನಿಮ್ಮ ಟ್ರೀಟ್‌ಮೆಂಟ್ ಹೆಚ್ಚುಕಮ್ಮಿ ಸರಿಯಾದ ದಾರಿಯಲ್ಲೇ ಇದೆ.

ಹೇಗೆ ಅಂದ್ರೆ, ಫೋಟೋದಲ್ಲಿ ಎಲ್ಲರೂ ನಂಬರ್ ನೋಡ್ತಾರೆ, ನಾನು ಮೊದ್ಲು ನೋಡೋದು ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಇರೋ ಸ್ಯಾಂಪಲ್ ತಗೊಂಡ ಟೈಮು. ಮೊದಲನೇದ್ರಲ್ಲಿ ಬೆಳಗ್ಗೆ 7:10. ಎರಡನೇದ್ರಲ್ಲಿ 10:40. ಆಮೇಲೆ ನಾನು ನಿಮಗೆ ಮೆಸೇಜ್ ಮಾಡಿ ಕೇಳಿದೆ, ಮಾತ್ರೆ ಎಷ್ಟೊತ್ತಿಗೆ ತಗೊಂಡಿದ್ರಿ ಅಂತ. ಮೊದಲ ಸಲ ಹಿಂದಿನ ರಾತ್ರಿ ಒಂಬತ್ತೂವರೆಗೆ ತಗೊಂಡಿದ್ದೇ ಕೊನೆ, ಬೆಳಗಿನದು ಇನ್ನೂ ತಗೊಂಡಿರ್ಲಿಲ್ಲ. ಎರಡನೇ ಸಲ ನಾಷ್ಟಾ ಮುಗಿಸಿ ಒಂಬತ್ತಕ್ಕೆ ಮಾತ್ರೆ ಇಟ್ಕೊಂಡು ಆಟೋ ಹತ್ತಿದ್ರಿ. ಅಂದ್ರೆ ಒಂದು ರಕ್ತ ಮಾತ್ರೆ ತಗೊಂಡು ಹತ್ತಿರ ಹತ್ತಿರ ಹತ್ತು ಗಂಟೆ ಆದ್ಮೇಲಿಂದು, ಇನ್ನೊಂದು ಎರಡು ಗಂಟೆ ಕೂಡ ಆಗದೇ ಇರೋದು.

ನಿಮ್ಮೂರಲ್ಲಿ ನಳದ ನೀರು ಎಷ್ಟು ದಿನಕ್ಕೊಂದು ಸಲ ಬರುತ್ತೆ ಅಂತ ನಿಮಗೇ ನಾನು ಹೇಳ್ಬೇಕಾಗಿಲ್ಲ. ನೀರು ಬಿಟ್ಟ ದಿನ ಸಂಜೆ ಟ್ಯಾಂಕ್ ಬಗ್ಗಿ ನೋಡಿದ್ರೆ ತುಂಬಿರುತ್ತೆ, ಮುಂದಿನ ಸಲ ಬಿಡೋ ಹಿಂದಿನ ರಾತ್ರಿ ನೋಡಿದ್ರೆ ತಳ ಕಾಣುತ್ತೆ, ಟ್ಯಾಂಕ್ ಅದೇ, ಮನೆ ಖರ್ಚೂ ಅದೇ. ನಾಲಿಗೆ ಕೆಳಗೆ ಇಡೋ ಎಸ್ಟ್ರೋಜನ್ನಿಗೆ ಈ ಏರಿಳಿತ ಎಲ್ಲದಕ್ಕಿಂತ ಜಾಸ್ತಿ, ಯಾಕಂದ್ರೆ ಅದು ಬಾಯಿಯ ಒಳಚರ್ಮದಿಂದ ಸೀದಾ ರಕ್ತಕ್ಕೆ ಹೋಗುತ್ತೆ, ಒಂದೆರಡು ಗಂಟೆಯಲ್ಲಿ ಮೇಲೆ ಹಾರಿ ಆಮೇಲೆ ಬೇಗ ಇಳಿಯುತ್ತೆ. ನುಂಗಿದ್ರೆ ಹಾಗಲ್ಲ, ಕರುಳಿಂದ ಮೊದ್ಲು ಲಿವರಿಗೆ ಹೋಗಿ ಅಲ್ಲಿ ಬಹುಪಾಲು ಎಸ್ಟ್ರೋನ್ ಅನ್ನೋ ದುರ್ಬಲ ರೂಪಕ್ಕೆ ಬದಲಾಗಿ, ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತೆ, ನುಂಗಿದ್ದರಲ್ಲಿ ಎಸ್ಟ್ರಾಡಿಯೋಲ್ ಆಗೇ ರಕ್ತಕ್ಕೆ ಸೇರೋದು ನೂರಕ್ಕೆ ಐದರಷ್ಟು ಮಾತ್ರ. ಇನ್ನೊಂದು ಮಾತು, ಪ್ರೊಜಿನೋವಾದಲ್ಲಿರೋದು ಎಸ್ಟ್ರಾಡಿಯೋಲ್ ವ್ಯಾಲರೇಟ್, ಮೇಲೆ ಸಿಹಿ ಕೋಟಿಂಗ್ ಇದೆ, ಅದನ್ನ ನಾಲಿಗೆ ಕೆಳಗೆ ಇಡೋಕೆ ಅಂತ ಮಾಡಿದ್ದಲ್ಲ, ಇಟ್ರೂ ಅರ್ಧ ಜೊಲ್ಲಿನ ಜೊತೆ ಹೊಟ್ಟೆಗೆ ಹೋಗಿರುತ್ತೆ, ಎಷ್ಟು ಹೋಯ್ತು ಎಷ್ಟು ಉಳೀತು ಅನ್ನೋದು ಇವತ್ತು ಒಂಥರ ನಾಳೆ ಒಂಥರ. ಹಾಗಾಗಿ 64 ನಿಮ್ಮ ತಳ, 412 ನಿಮ್ಮ ತುದಿ. ದಿನದ ಬಹುಪಾಲು ಹೊತ್ತು ನೀವು ಇವೆರಡರ ಮಧ್ಯ ಎಲ್ಲೋ ಇರ್ತೀರಿ.

ಟೆಸ್ಟೋಸ್ಟಿರಾನ್ ವಿಷಯ ಇನ್ನೂ ಸುಲಭ, ಓದಿ ಸ್ವಲ್ಪ ನಗುನೂ ಬಂತು (ನಿಮ್ಮ ಮೇಲಲ್ಲ, ಲ್ಯಾಬಿನವರ ಮೇಲೆ). ಮೊದಲ ಲ್ಯಾಬು ಎನ್‌ಜಿ (ನ್ಯಾನೋಗ್ರಾಂ) ಪರ್ ಡಿಎಲ್ ಲೆಕ್ಕದಲ್ಲಿ 38 ಅಂತ ಕೊಟ್ಟಿದೆ, ಎರಡನೇದು ಎನ್‌ಜಿ ಪರ್ ಎಂಎಲ್ ಲೆಕ್ಕದಲ್ಲಿ 0.41 ಅಂತ. ಡಿಎಲ್ ಅಂದ್ರೆ ನೂರು ಎಂಎಲ್, ಹಾಗಾಗಿ 0.41ನ ನೂರರಿಂದ ಗುಣಿಸಿದ್ರೆ 41. ಅಂದ್ರೆ 38 ಇದ್ದಿದ್ದು 41 ಆಗಿದೆ, ಬದಲಾಗೇ ಇಲ್ಲ ಅಂದ್ರೂ ತಪ್ಪಿಲ್ಲ. ಲೀಟರ್ ಹಾಲಿನ ರೇಟನ್ನೂ ಪಾವು ಹಾಲಿನ ರೇಟನ್ನೂ ಪಕ್ಕಪಕ್ಕ ಇಟ್ಟು ಹಾಲು ಅಗ್ಗ ಆಯ್ತು ಅಂದಂಗೆ ಇದು. ನಿಮ್ಮ ಲಂಡನ್ ಗೆಳತಿಯ 550 ಕೂಡ ಇದೇ ಕಥೆ. ಅಲ್ಲಿನ ಲ್ಯಾಬುಗಳು ಎಸ್ಟ್ರಾಡಿಯೋಲನ್ನ ಪಿಕೋಮೋಲ್ ಪರ್ ಲೀಟರ್ ಲೆಕ್ಕದಲ್ಲಿ ಕೊಡ್ತಾವೆ, ನಮ್ಮಲ್ಲಿ ಪಿಜಿ (ಪಿಕೋಗ್ರಾಂ) ಪರ್ ಎಂಎಲ್. ಅವರ ನಂಬರನ್ನ 3.67ರಿಂದ ಭಾಗಿಸಿ, 550 ಅನ್ನೋದು ನಮ್ಮ ಲೆಕ್ಕದ 150. ಪಾಪ ಅವಳು ಸುಳ್ಳೇನೂ ಹೇಳಿಲ್ಲ, ನೀವು ಅವಳ ಹಾಗೆ 550 ಮುಟ್ಬೇಕು ಅಂತ ಹೊರಟಿದ್ರೆ ಮಾತ್ರ ಕಷ್ಟ ಆಗ್ತಿತ್ತು.

ಹಾಗಾದ್ರೆ ಎಷ್ಟಿರ್ಬೇಕು? ನಾವು ಡಾಕ್ಟರುಗಳು ಮುಂದಿಟ್ಕೊಳ್ಳೋದು ಎಂಡೋಕ್ರೈನ್ ಸೊಸೈಟಿ ಅನ್ನೋ ಹಾರ್ಮೋನ್ ತಜ್ಞರ ಸಂಘದ 2017ರ ಗೈಡ್‌ಲೈನು, ಅದರಲ್ಲಿ ಎಸ್ಟ್ರಾಡಿಯೋಲ್ 100ರಿಂದ 200 ಪಿಜಿ ಪರ್ ಎಂಎಲ್, ಟೆಸ್ಟೋಸ್ಟಿರಾನ್ 50 ಎನ್‌ಜಿ ಪರ್ ಡಿಎಲ್‌ಗಿಂತ ಕಮ್ಮಿ. ಈ 100-200 ಆಕಾಶದಿಂದ ಬಂದಿದ್ದಲ್ಲ, ಮುಟ್ಟಾಗೋ ಹೆಂಗಸಿನಲ್ಲಿ ಇದು ತಿಂಗಳಿಡೀ ಏರಿಳಿಯುತ್ತೆ, ಮುಟ್ಟಿನ ಮೊದಲ ದಿನಗಳಲ್ಲಿ 30-50ರ ಆಸುಪಾಸು, ಅಂಡ ಬಿಡುಗಡೆ ಆಗೋ ಹೊತ್ತಿಗೆ ಒಂದೆರಡು ದಿನ 200-400, ಸರಾಸರಿ ಹಿಡಿದ್ರೆ ನೂರರ ಸುತ್ತಮುತ್ತ. ಅಂದ್ರೆ ನನ್ನ ರಕ್ತ ತೆಗೆದ್ರೂ ಕೆಲವು ದಿನ ನಿಮ್ಮ 64ಕ್ಕಿಂತ ಕಮ್ಮಿ ಬರುತ್ತೆ, ಅದಕ್ಕೆ ನಾನು ಹೆಣ್ಣಲ್ಲ ಅಂತ ಯಾರೂ ಹೇಳಲ್ಲ.

ಇನ್ನು ಆ ಕೆಂಪು ಅಕ್ಷರ. ಲ್ಯಾಬಲ್ಲಿ ಕೂತಿರೋ ಹುಡುಗ ನಿಮ್ಮ ಆಧಾರ್ ನೋಡಿ ಮೇಲ್ ಅಂತ ಒತ್ತಿದ್ದಾನೆ, ಸಾಫ್ಟ್‌ವೇರ್ ಗಂಡಸರ ರೇಂಜ್ ಪಕ್ಕಕ್ಕೆ ಹಾಕಿದೆ, ಗಂಡಸರಿಗೆ ಎಸ್ಟ್ರಾಡಿಯೋಲ್ ಸುಮಾರು 10ರಿಂದ 40 ಇರ್ಬೇಕು, ಹಾಗಾಗಿ ನಿಮ್ಮ 64 ಹೈ. ಟೆಸ್ಟೋಸ್ಟಿರಾನ್ ಮುನ್ನೂರರ ಮೇಲಿರ್ಬೇಕು, ಹಾಗಾಗಿ ನಿಮ್ಮ 38 ಲೋ. ನಾವು ಎಂಟು ತಿಂಗಳಿಂದ ಬೇಕು ಬೇಕು ಅಂತ ಮಾಡಿದ್ದನ್ನೇ ಕಂಪ್ಯೂಟರ್ ಕಾಯಿಲೆ ಅಂತ ಬರೆದಿದೆ ಅಷ್ಟೇ. ಹಿಮೋಗ್ಲೋಬಿನ್ 12.8ಕ್ಕೂ ಕೆಂಪು ಹೊಡೆದಿದಾರೆ ನೋಡಿ, ಟೆಸ್ಟೋಸ್ಟಿರಾನ್ ಇಳಿದ್ರೆ ಹಿಮೋಗ್ಲೋಬಿನ್ ಹೆಂಗಸರ ಮಟ್ಟಕ್ಕೆ ಇಳಿಯೋದು ಸಹಜ, ಹೆಂಗಸರಿಗೆ 12ರ ಮೇಲಿದ್ರೆ ಸಾಕು. ಇದನ್ನ ನೋಡಿ ಯಾರೋ ಕಬ್ಬಿಣದ ಮಾತ್ರೆ ಬರೆದುಕೊಟ್ಟಿರೋ ಕೇಸುಗಳು ನನ್ನ ಹತ್ರ ಬಂದಿದಾವೆ.

ಇವೆರಡು ನಂಬರಲ್ಲಿ ನಾನು ಯಾವುದನ್ನ ಜಾಸ್ತಿ ನಂಬ್ತೀನಿ ಅಂದ್ರೆ ಟೆಸ್ಟೋಸ್ಟಿರಾನನ್ನ. ಯಾಕಂದ್ರೆ ಅದು ಗಂಟೆಗಂಟೆಗೆ ನಿಮ್ಮ ಎಸ್ಟ್ರಾಡಿಯೋಲ್ ಥರ ಕುಣಿಯಲ್ಲ, ವಾರಗಳಿಂದ ಒಳಗೆ ಏನು ನಡೀತಿದೆ ಅಂತ ಹೇಳುತ್ತೆ. ತಲೆಯೊಳಗಿರೋ ಪಿಟ್ಯುಟರಿ ಅನ್ನೋ ಗ್ರಂಥಿ ಮೇಸ್ತ್ರಿ ಇದ್ದಂಗೆ, ವೃಷಣಕ್ಕೆ ಟೆಸ್ಟೋಸ್ಟಿರಾನ್ ಮಾಡು ಮಾಡು ಅಂತ ಆರ್ಡರ್ ಕಳಿಸ್ತಿರುತ್ತೆ, ರಕ್ತದಲ್ಲಿ ಎಸ್ಟ್ರೋಜನ್ ಸಾಕಷ್ಟಿದೆ ಅಂತ ಕಂಡ್ರೆ ಸುಮ್ನಾಗುತ್ತೆ. ನಿಮ್ಮಲ್ಲಿ 38, 41 ಅಂತ ಎರಡು ಸಲನೂ 50ರ ಕೆಳಗೇ ಬಂದಿದೆ ಅಂದ್ರೆ ಮೇಸ್ತ್ರಿ ಸುಮ್ನಾಗಿದಾನೆ, ಅಂದ್ರೆ ನಿಮ್ಮ ದೇಹಕ್ಕೆ ತಲುಪ್ತಿರೋ ಎಸ್ಟ್ರೋಜನ್ ಸಾಕಾಗ್ತಿದೆ. ಆಲ್ಡಾಕ್ಟೋನ್ ಅಂದ್ರೆ ಸ್ಪೈರೊನೊಲ್ಯಾಕ್ಟೋನ್, ಅದು ಮುಖ್ಯವಾಗಿ ಟೆಸ್ಟೋಸ್ಟಿರಾನ್ ಕೂರೋ ಜಾಗದಲ್ಲಿ ತಾನು ಕೂತ್ಕೊಳ್ಳುತ್ತೆ, ಉತ್ಪತ್ತಿಯನ್ನ ಅಷ್ಟಾಗಿ ಇಳಿಸಲ್ಲ, ಹಾಗಾಗಿ ಅದನ್ನ ತಗೊಳ್ಳೋರಲ್ಲಿ ಕೆಲವರಿಗೆ ರಿಪೋರ್ಟಲ್ಲಿ ಟೆಸ್ಟೋಸ್ಟಿರಾನ್ ಸ್ವಲ್ಪ ಜಾಸ್ತಿ ಕಂಡ್ರೂ ಮೈಮೇಲೆ ಬದಲಾವಣೆ ಚೆನ್ನಾಗೇ ಆಗ್ತಿರುತ್ತೆ. ಬೈಕಾಲುಟಮೈಡ್ ಅಂತ ಇನ್ನೊಂದಿದೆ, ಅದೊಂದನ್ನೇ ತಗೊಂಡ್ರೆ ಟೆಸ್ಟೋಸ್ಟಿರಾನ್ ಏರುತ್ತೆ, ಆದ್ರೂ ಕೆಲಸ ಮಾಡೋಕೆ ಬಿಡಲ್ಲ. ಅದಕ್ಕೇ ಯಾವ ಮಾತ್ರೆ ಅಂತ ಗೊತ್ತಿಲ್ಲದೆ ರಿಪೋರ್ಟ್ ಮಾತ್ರ ಕಳಿಸಿ ಹೇಗಿದೆ ಮೇಡಂ ಅಂದ್ರೆ ನಾನು ಏನೂ ಹೇಳೋಕಾಗಲ್ಲ.

ಬಯೋಟಿನ್ ಹೇಳಿದ್ದು ಒಳ್ಳೇದಾಯ್ತು, ನೂರರಲ್ಲಿ ತೊಂಬತ್ತು ಜನ ಹೇಳಲ್ಲ, ಅದು ಔಷಧಿನೇ ಅಲ್ಲ ಅಂದ್ಕೊಂಡಿರ್ತಾರೆ. ಕೆಲವು ಲ್ಯಾಬ್ ಮಷೀನುಗಳು ಹಾರ್ಮೋನ್ ಅಳೆಯೋಕೆ ಬಯೋಟಿನ್ನನ್ನೇ ಅಂಟಿನ ಥರ ಬಳಸ್ತಾವೆ, ರಕ್ತದಲ್ಲಿ ಮಾತ್ರೆಯ ಬಯೋಟಿನ್ ತುಂಬಿದ್ರೆ ಮಷೀನಿಗೆ ಗೊಂದಲ ಆಗಿ ಎಸ್ಟ್ರಾಡಿಯೋಲ್, ಟೆಸ್ಟೋಸ್ಟಿರಾನ್ ಎರಡೂ ಇರೋದಕ್ಕಿಂತ ಜಾಸ್ತಿ ತೋರಿಸಬಹುದು, ಥೈರಾಯ್ಡ್ ರಿಪೋರ್ಟೂ ಕೆಡುತ್ತೆ. ನಿಮ್ಮ ಕೇಸಲ್ಲಿ ಅದರ ಮೇಲೆ ನನಗೆ ಅನುಮಾನ ಕಮ್ಮಿ, ಯಾಕಂದ್ರೆ ಬಯೋಟಿನ್ ಆಟ ಆಡಿದ್ರೆ ಟೆಸ್ಟೋಸ್ಟಿರಾನೂ ಹಾರಬೇಕಿತ್ತು, ಅದು ಅಲ್ಲೇ ಕೂತಿದೆ. ಆದ್ರೂ ಮುಂದಿನ ಟೆಸ್ಟಿಗೆ ಮೂರು ದಿನ ಮುಂಚೆ ನಿಲ್ಸಿ. ಕೂದಲು ಮೂರು ದಿನದಲ್ಲಿ ಉದುರಲ್ಲ.

ಈಗ ಎದೆ ವಿಷಯ, ಅಂದ್ರೆ ಇಷ್ಟೆಲ್ಲಾ ನಂಬರಿನ ಹಿಂದಿರೋ ನಿಜವಾದ ಸಂಕಟ. ಎಸ್ಟ್ರಾಡಿಯೋಲ್ ಜಾಸ್ತಿ ಇದ್ದಷ್ಟೂ ಎದೆ ಜಾಸ್ತಿ ಅನ್ನೋದು ಕೇಳೋಕೆ ಸರಿ ಅನ್ಸುತ್ತೆ, ನಾನೂ ಪ್ರಾಕ್ಟೀಸಿನ ಮೊದಲ ವರ್ಷಗಳಲ್ಲಿ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಯುರೋಪಿನ ಕೆಲವು ಆಸ್ಪತ್ರೆಗಳು ಸೇರಿ 229 ಟ್ರಾನ್ಸ್ ಮಹಿಳೆಯರನ್ನ ಒಂದು ವರ್ಷ ಅಳೆದು ನೋಡಿ 2018ರಲ್ಲಿ ಪ್ರಕಟಿಸಿದ್ರು, ರಕ್ತದ ಎಸ್ಟ್ರಾಡಿಯೋಲ್ ಮಟ್ಟಕ್ಕೂ ಎದೆ ಎಷ್ಟು ಬೆಳೀತು ಅನ್ನೋದಕ್ಕೂ ಸಂಬಂಧ ಸಿಗ್ಲಿಲ್ಲ, ಮೊದಲ ವರ್ಷದ ಬೆಳವಣಿಗೆ ಬಹಳ ಜನರಿಗೆ ಸಣ್ಣದೇ ಇತ್ತು. ನಿರಾಸೆ ಆಗೋ ಸುದ್ದಿ ಅಂತ ಗೊತ್ತು. ಆದ್ರೆ ಅದರರ್ಥ 8 ತಿಂಗಳಿಗೆ ನೀವು ಹಿಂದೆ ಬಿದ್ದಿದೀರಿ ಅಂತ ಅಲ್ಲ, ಶುರು ಆಗೋದೇ 3ರಿಂದ 6 ತಿಂಗಳಿಗೆ, ಪೂರ್ತಿ ಆಗೋಕೆ ಎರಡು ಮೂರು ವರ್ಷ. ಹದಿಮೂರನೇ ವಯಸ್ಸಲ್ಲಿ ಶುರುವಾದ ಹುಡುಗಿಗೂ ಎಂಟೇ ತಿಂಗಳಲ್ಲಿ ಆಗಲ್ಲ ತಾನೇ. ಮೊಲೆತೊಟ್ಟಿನ ಹಿಂದೆ ಗಟ್ಟಿ ಬಿಲ್ಲೆ ಥರ ಬಂದು ನೋವಾಗುತ್ತೆ, ಬಸ್ಸಲ್ಲಿ ಯಾರ ಕೈಯೋ ತಾಗಿದ್ರೆ ಜೀವ ಹೋದಂಗಾಗುತ್ತೆ ಅಂತ ನೀವೇ ಆಮೇಲೆ ಮೆಸೇಜಲ್ಲಿ ಬರೆದ್ರಲ್ಲ, ಅದು ಬೆಳೀತಿರೋದಕ್ಕೆ ಗುರುತು. ಕೊನೆಗೆ ಎಷ್ಟಾಗುತ್ತೆ ಅನ್ನೋದರಲ್ಲಿ ವಂಶದ ಪಾಲು ಇರುತ್ತೆ, ಮೈಯಲ್ಲಿರೋ ಕೊಬ್ಬಿನ ಪಾಲೂ ಇರುತ್ತೆ. ತೀರಾ ತೆಳ್ಳಗಿರೋರು ಊಟ ಬಿಟ್ಟು ಡೋಸ್ ಏರಿಸಿದ್ರೆ ಏನೂ ಸಿಗಲ್ಲ. ದನಿ ಬದಲಾಗಲ್ಲ, ಅದಕ್ಕೆ ಬೇರೆ ಅಭ್ಯಾಸ ಬೇಕು, ಗಡ್ಡ ಪೂರ್ತಿ ಹೋಗಲ್ಲ, ಅದಕ್ಕೆ ಲೇಸರ್, ಇವೆರಡಕ್ಕೂ ಎಸ್ಟ್ರಾಡಿಯೋಲ್ ಸಾವಿರ ಇದ್ರೂ ಪ್ರಯೋಜನ ಇಲ್ಲ.

ಡೋಸ್ ಏರಿಸೋದ್ರಲ್ಲಿ ನಷ್ಟ ಇಲ್ವಾ, ಒಂದು ಕೈ ನೋಡೋಣ ಅಂದ್ರೆ, ಇದೆ. ಎಸ್ಟ್ರೋಜನ್ ಜಾಸ್ತಿ ಆದ್ರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಏರುತ್ತೆ, ಅದು ಒಡೆದು ಶ್ವಾಸಕೋಶಕ್ಕೆ ಹೋದ್ರೆ ಪ್ರಾಣಕ್ಕೇ ಬರಬಹುದು. ಸಿಗರೇಟ್ ಸೇದೋರಿಗೆ, ತೂಕ ಜಾಸ್ತಿ ಇರೋರಿಗೆ, ಮನೆಯಲ್ಲಿ ಯಾರಿಗಾದ್ರೂ ಹಾಗೆ ಆಗಿದ್ರೆ ಅವರಿಗೆ ಇನ್ನೂ ಜಾಸ್ತಿ. ಒಂದು ಕಾಲು ಮಾತ್ರ ಊದಿ ನೋವು ಬಂದ್ರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದ್ರೆ, ಎದೆ ಚುಚ್ಚಿದ್ರೆ, ರಿಪೋರ್ಟು ಮೆಸೇಜು ಅಂತ ಕೂರಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ ಮತ್ತೆ ಎಸ್ಟ್ರೋಜನ್ ತಗೋತೀನಿ ಅಂತ ಬಾಯಿಬಿಟ್ಟು ಹೇಳಿ. ನಾಚಿಕೆಗೆ ಅದನ್ನ ಮುಚ್ಚಿಟ್ರೆ ಅವರು ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸ್ತಾರೆ.

ಅಕ್ಕ ಹೇಳಿದ ಇಂಜೆಕ್ಷನ್ ಬಗ್ಗೆ. ಇಂಜೆಕ್ಷನ್ ಕೆಟ್ಟದ್ದು ಅಂತ ನಾನು ಹೇಳಲ್ಲ, ನನ್ನ ಪೇಷಂಟ್‌ಗಳಲ್ಲಿ ಎಷ್ಟೋ ಜನ ಅದರಲ್ಲೇ ಚೆನ್ನಾಗಿದಾರೆ. ಎಸ್ಟ್ರಾಡಿಯೋಲ್ ವ್ಯಾಲರೇಟ್ ಎಣ್ಣೆಯಲ್ಲಿರುತ್ತೆ, ಪ್ರೊಜಿನಾನ್ ಡಿಪೋ ಅಂತ ಒಂದು ಎಂಎಲ್ಲಿಗೆ 10 ಎಂಜಿದು ಸಿಗುತ್ತೆ, ಸ್ನಾಯುವಿಗೆ ಹಾಕಿದ್ರೆ ಒಂದೆರಡು ದಿನದಲ್ಲಿ ತುದಿ ಮುಟ್ಟಿ ಆಮೇಲೆ ವಾರದಲ್ಲಿ ಇಳಿಯುತ್ತೆ. ವಾರಕ್ಕೆ ಒಂದು ಪೂರ್ತಿ ಆಂಪ್ಯೂಲ್ ಅನ್ನೋದು ಬಹಳ ಜನರಿಗೆ ಜಾಸ್ತಿ, ನಾನು ಸಾಮಾನ್ಯವಾಗಿ ಅದರ ಅರ್ಧ ಅಥವಾ ಅದಕ್ಕಿಂತ ಕಮ್ಮಿಯಲ್ಲಿ ಶುರು ಮಾಡಿ, ಮುಂದಿನ ಇಂಜೆಕ್ಷನ್ನಿನ ಹಿಂದಿನ ದಿನ ರಕ್ತ ನೋಡಿ, ಆಮೇಲೆ ಹೊಂದಿಸ್ತೀನಿ. ಇನ್ನು ಇಂಜೆಕ್ಷನ್ನಲ್ಲಿ ನನಗೆ ಜಾಸ್ತಿ ಹೆದರಿಕೆ ಇರೋದು ಔಷಧಿ ಬಗ್ಗೆ ಅಲ್ಲ, ಯಾರು ಹಾಕ್ತಾರೆ, ಎಲ್ಲಿ ಹಾಕ್ತಾರೆ, ಸೂಜಿ ಹೊಸದಾ ಅನ್ನೋದರ ಬಗ್ಗೆ. ನಾಲ್ಕು ಜನ ಸೇರಿ ಒಂದೇ ಸಿರಿಂಜಲ್ಲಿ ಹಾಕಿಸ್ಕೊಂಡು ಹೆಪಟೈಟಿಸ್ ಬಿ ತಂದ್ಕೊಂಡವರನ್ನ ನೋಡಿದೀನಿ. ಅಕ್ಕ ಪ್ರೀತಿಯಿಂದಲೇ ಹೇಳಿರ್ತಾರೆ, ಅವರ ಕಾಲದಲ್ಲಿ ಕೇಳೋಕೆ ಡಾಕ್ಟರೇ ಇರ್ಲಿಲ್ಲ, ಒಬ್ಬರಿಂದ ಒಬ್ಬರು ಕಲ್ತು ಬದುಕಿದಾರೆ. ಅವರಿಗೆ ಬಹುಶಃ ನಿರ್ವಾಣ (ಅಂದ್ರೆ ಗಂಡಿನ ಅಂಗ ತೆಗೆಸೋದು) ಆಗಿರುತ್ತೆ, ಹಾಗಿದ್ರೆ ಅವರ ಲೆಕ್ಕನೇ ಬೇರೆ, ಟೆಸ್ಟೋಸ್ಟಿರಾನ್ ಮಾಡೋ ಅಂಗ ಇಲ್ಲದ ಮೇಲೆ ಆಲ್ಡಾಕ್ಟೋನ್ ಬೇಡ, ಎಸ್ಟ್ರೋಜನ್ ಕಮ್ಮಿ ಸಾಕು, ಆದ್ರೆ ಪೂರ್ತಿ ಬಿಟ್ರೆ ಮೂಳೆ ಸವೆಯುತ್ತೆ. ಅವರನ್ನೂ ಒಂದ್ಸಲ ತೋರಿಸೋಕೆ ಕರ್ಕೊಂಡು ಬನ್ನಿ.

ನಾಲಿಗೆ ಕೆಳಗೆ ಇಡೋದು ಬಿಟ್ಟು ಅದೇ ಮಾತ್ರೆನ ನುಂಗೋದು ಒಂದು ದಾರಿ, ಸುಲಭ, ಏರಿಳಿತ ಕಮ್ಮಿ, ಆದ್ರೆ ಲಿವರ್ ಮೂಲಕ ಹೋಗೋದರಿಂದ ಹೆಪ್ಪುಗಟ್ಟೋ ಅಪಾಯ ಚೂರು ಜಾಸ್ತಿ, 26ನೇ ವಯಸ್ಸಲ್ಲಿ ಸಿಗರೇಟ್ ಇಲ್ಲದವರಿಗೆ ನಾನು ಅದಕ್ಕೆ ತೀರಾ ಹೆದರಲ್ಲ. ಜೆಲ್ ಇನ್ನೊಂದು, ತೋಳಿಗೆ ತೊಡೆಗೆ ಹಚ್ಚೋದು, ಚರ್ಮದಿಂದ ಹೋಗೋದರಿಂದ ಎಲ್ಲಕ್ಕಿಂತ ಸುರಕ್ಷಿತ, ನಲವತ್ತು ದಾಟಿದವರಿಗೆ ನಾನು ಮೊದ್ಲು ಹೇಳೋದೇ ಅದು, ಆದ್ರೆ ದುಬಾರಿ, ಎಲ್ಲಾ ಊರಲ್ಲೂ ಸ್ಟಾಕ್ ಇರಲ್ಲ, ಬೆವರು ಸುರಿಯೋ ಏಪ್ರಿಲ್ಲಲ್ಲಿ ಹಚ್ಕೊಂಡು ಒಣಗೋವರೆಗೆ ಕೂರೋದು ಒಂದು ಪೀಕಲಾಟ. ಒಂದು ಕಿವಿಮಾತು, ಜೆಲ್ ಹಚ್ಚಿದ ತೋಳಿಂದಲೇ ರಕ್ತ ತೆಗೆಸಿದ್ರೆ ಚರ್ಮದ ಮೇಲಿರೋ ಜೆಲ್ ಸೂಜಿಗೆ ಸೇರಿ ರಿಪೋರ್ಟಲ್ಲಿ ಎಸ್ಟ್ರಾಡಿಯೋಲ್ ಆಕಾಶಕ್ಕೆ ಹೋಗಿರುತ್ತೆ. ಹಾಗೆ 1100 ಬಂದು ಅಳ್ತಾ ಬಂದಿದ್ದವರಿಗೆ ಇನ್ನೊಂದು ಕೈಯಿಂದ ತೆಗೆಸಿದಾಗ 118 ಬಂತು.

ಮಾಡಬಾರದ್ದು ಅಂದ್ರೆ ಮೆಡಿಕಲ್ ಶಾಪಲ್ಲಿ ಸುಲಭವಾಗಿ ಸಿಗುತ್ತೆ ಅಂತ ಮಾಲಾ-ಡಿ, ಜಿನೆಟ್-35 ಥರದ ಗರ್ಭನಿರೋಧಕ ಮಾತ್ರೆ ಸೇರಿಸೋದು. ನೀವು ತಗೋತಿಲ್ಲ, ಗೊತ್ತು, ಓದ್ತಿರೋ ಬೇರೆಯವರಿಗೆ ಹೇಳ್ತಿದೀನಿ. ಅವುಗಳಲ್ಲಿರೋದು ಎಥಿನೈಲ್ ಎಸ್ಟ್ರಾಡಿಯೋಲ್, ಹೆಸರು ಒಂದೇ ಥರ ಕೇಳ್ಸಿದ್ರೂ ವಸ್ತು ಬೇರೆ, ಹೆಪ್ಪುಗಟ್ಟೋ ಅಪಾಯ ಇದರಲ್ಲೇ ಹೆಚ್ಚು, ಅದಕ್ಕೇ ಈ ಟ್ರೀಟ್‌ಮೆಂಟಿಗೆ ಇದನ್ನ ಈಗ ಯಾವ ಗೈಡ್‌ಲೈನೂ ಒಪ್ಪಲ್ಲ. ಇದರ ಮೋಸ ಇರೋದು ರಿಪೋರ್ಟಲ್ಲಿ. ಲ್ಯಾಬಿನ ಎಸ್ಟ್ರಾಡಿಯೋಲ್ ಟೆಸ್ಟ್ ಇದನ್ನ ಹಿಡಿಯೋದೇ ಇಲ್ಲ. ದಿನಕ್ಕೆ ನಾಲ್ಕು ಮಾತ್ರೆ ನುಂಗ್ತಿದ್ದ ಹುಡುಗಿ ಒಬ್ಳು ಬಂದಿದ್ಲು, ಎಸ್ಟ್ರಾಡಿಯೋಲ್ 15, ಲೆವೆಲ್ಲೇ ಬರ್ತಿಲ್ಲ ಮೇಡಂ ಅಂತ ಆರಕ್ಕೆ ಏರಿಸೋ ಯೋಚನೆಯಲ್ಲಿದ್ಲು. ರಿಪೋರ್ಟಲ್ಲಿ ಖಾಲಿ, ಮೈಯಲ್ಲಿ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಎಸ್ಟ್ರೋಜನ್.

ಕ್ಯಾನ್ಸರ್ ಪ್ರಶ್ನೆಗೆ ಚಿಕ್ಕದಾಗಿ, ನೆದರ್ಲೆಂಡ್ಸಿನಲ್ಲಿ 2260 ಟ್ರಾನ್ಸ್ ಮಹಿಳೆಯರ ದಾಖಲೆ ನೋಡಿ 2019ರಲ್ಲಿ ಬರೆದಿದಾರೆ, ಅವರಲ್ಲಿ 15 ಜನಕ್ಕೆ ಸ್ತನ ಕ್ಯಾನ್ಸರ್ ಬಂದಿತ್ತು. ಗಂಡಸರಿಗಿಂತ ಜಾಸ್ತಿ, ಬೇರೆ ಹೆಂಗಸರಿಗಿಂತ ಕಮ್ಮಿ. ಎದೆ ಇದ್ದ ಮೇಲೆ ನಾವೆಲ್ಲಾ ಮಾಡ್ಕೊಳ್ಳೋ ಪರೀಕ್ಷೆ ನೀವೂ ವಯಸ್ಸಾದ ಮೇಲೆ ಮಾಡಿಸ್ಕೋಬೇಕು, ಅಷ್ಟೇ. ಮೆಡಿಕಲ್ ಶಾಪಿನಾಂವ ಹೆದರಿಸಬೇಕಿದ್ದಿದ್ದು ಕಾಲು ಊತದ ಬಗ್ಗೆ, ಅದನ್ನ ಬಿಟ್ಟು ಕ್ಯಾನ್ಸರ್ ಅಂದಿದಾನೆ.

ನೀವು ಕೇಳದೇ ಇರೋದು ಒಂದು, ಮುಂದೆ ಸ್ವಂತ ಮಗು ಬೇಕು ಅನ್ನೋ ಆಸೆ ಸ್ವಲ್ಪನಾದ್ರೂ ಇದ್ರೆ ನಿಮ್ಮ ಡಾಕ್ಟರ ಹತ್ರ ಈಗಲೇ ಮಾತಾಡಿ. ವೀರ್ಯ ಸ್ಟೋರ್ ಮಾಡಿಸೋದನ್ನ ಶುರುವಿಗೆ ಮುಂಚೆನೇ ಕೇಳ್ಬೇಕಿತ್ತು, ನಿಲ್ಸಿದ್ರೆ ವಾಪಸ್ ಬರಬಹುದು, ಗ್ಯಾರಂಟಿ ಇಲ್ಲ.

ಹಾಗಾದ್ರೆ ಈಗೇನು ಮಾಡೋದು. ಡೋಸ್ ಏರಿಸಬೇಡಿ, ಇಳಿಸಲೂ ಬೇಡಿ, ಟೆಸ್ಟ್ ಮಾಡಿಸೋ ರೀತಿ ಬದಲಾಯಿಸಿ. ಮೂರು ತಿಂಗಳಿಗೊಂದು ಸಲ ಸಾಕು, ಒಂದು ವರ್ಷ ಆದ್ಮೇಲೆ ವರ್ಷಕ್ಕೆ ಒಂದೋ ಎರಡೋ. ಪ್ರತಿ ಸಲ ಅದೇ ಲ್ಯಾಬು, ಅದೇ ಹೊತ್ತು, ಬೆಳಗ್ಗೆ ಏಳೆಂಟು ಗಂಟೆ, ಬೆಳಗಿನ ಮಾತ್ರೆಗೆ ಮುಂಚೆ, ಮಾತ್ರೆ ಪರ್ಸಲ್ಲಿ ಇಟ್ಕೊಂಡು ಹೋಗಿ ರಕ್ತ ಕೊಟ್ಟಾದ್ಮೇಲೆ ತಗೊಳ್ಳಿ. ಸ್ಲಿಪ್ಪಿನ ಮೇಲೆ ಪೆನ್ನಲ್ಲಿ ಕೊನೇ ಮಾತ್ರೆ ಎಷ್ಟೊತ್ತಿಗೆ, ನುಂಗಿದ್ದಾ ನಾಲಿಗೆ ಕೆಳಗಾ ಅಂತ ಬರೆದು ಫೋಟೋ ಹೊಡ್ಕೊಳ್ಳಿ. ಬೆಂಗಳೂರಿನ ಡಾಕ್ಟರಿಗೆ ಬರೋಕಾಗ್ತಿಲ್ಲ ಅಂತ ಫೋನ್ ಮಾಡಿ, ವಿಡಿಯೋದಲ್ಲಿ ನೋಡ್ತಾರಾ ಕೇಳಿ, ನಾಲಿಗೆ ಕೆಳಗಿನದು ಬಿಟ್ಟು ನುಂಗ್ಲಾ ಅಂತ ಅವರನ್ನೇ ಕೇಳಿ ಬದಲಾಯಿಸಿ, ಬದಲಾಯಿಸಿದ್ರೆ ಎರಡು ಮೂರು ತಿಂಗಳು ಬಿಟ್ಟು ಟೆಸ್ಟ್, ಮೂರು ವಾರಕ್ಕಲ್ಲ. ನೀವು ಕಳಿಸಿದ ಎರಡೂ ರಿಪೋರ್ಟಲ್ಲಿ ನಾನು ಹುಡುಕಿದ್ದು, ಸಿಗದೇ ಇದ್ದದ್ದು ಒಂದೇ, ಪೊಟ್ಯಾಸಿಯಂ. ಕಿಡ್ನಿ ಹೇಗಿದೆ ಅಂತ ಹೇಳೋ ಕ್ರಿಯಾಟಿನಿನ್ ಟೆಸ್ಟ್ ಜೊತೆ ಅದನ್ನ ಈ ವಾರನೇ ಮಾಡಿಸಿ.

ಯಾಕೆ ಈ ವಾರ ಅಂದ್ರೆ ಅವ್ವನ ಎಳನೀರು. ಆಲ್ಡಾಕ್ಟೋನ್ ಕಿಡ್ನಿಯಲ್ಲಿ ಪೊಟ್ಯಾಸಿಯಂ ಹೊರಗೆ ಹೋಗದಂಗೆ ತಡೆಯುತ್ತೆ, ಉಪ್ಪು ನೀರು ಹೊರಗೆ ಕಳಿಸುತ್ತೆ, ಅದಕ್ಕೇ ನಿಮಗೆ ಬಾಯಾರಿಕೆ, ಪದೇಪದೇ ಬಾತ್‌ರೂಮು, ಅವ್ವ ಅದನ್ನ ಉಷ್ಣ ಅಂದ್ಕೊಂಡಿದಾರೆ. ಒಂದು ದೊಡ್ಡ ಎಳನೀರಲ್ಲಿ ಅರ್ಧ ಗ್ರಾಂಗಿಂತ ಜಾಸ್ತಿ ಪೊಟ್ಯಾಸಿಯಂ ಇರುತ್ತೆ, ದಿನಾ ಎರಡು ಅಂದ್ರೆ ನಿಮ್ಮ ಮಾತ್ರೆ ಜೊತೆ ಅದು ಸೇರ್ಕೊಂಡು ಹೃದಯದ ಬಡಿತಕ್ಕೆ ತೊಂದ್ರೆ ಕೊಡಬಹುದು. ಕಿಡ್ನಿ ಚೆನ್ನಾಗಿರೋ ನಿಮ್ಮ ವಯಸ್ಸಿನವರಿಗೆ ಸಾಮಾನ್ಯವಾಗಿ ಏನೂ ಆಗಲ್ಲ, ಆದ್ರೆ ಹೋದ ಬೇಸಿಗೆಯಲ್ಲಿ ಇದೇ ಮಾತ್ರೆ ತಗೊಳ್ಳೋ ಒಬ್ಬರು ಎಳನೀರು ಜೊತೆಗೆ ಬಿಪಿಗೆ ಒಳ್ಳೇದು ಅಂತ ಲೋ ಸೋಡಿಯಂ ಉಪ್ಪೂ ಶುರು ಮಾಡಿ (ಅದರಲ್ಲಿ ಸೋಡಿಯಂ ಬದ್ಲು ಪೊಟ್ಯಾಸಿಯಂ ಸೇರಿಸಿರ್ತಾರೆ) 5.8 ಪೊಟ್ಯಾಸಿಯಂ ಇಟ್ಕೊಂಡು ಬಂದ್ರು, ಎರಡು ದಿನ ಅಡ್ಮಿಟ್ ಮಾಡ್ಬೇಕಾಯ್ತು. ಗುಳಿಗೆ ಬಗ್ಗೆ ಗೊತ್ತಿದ್ದೂ ಬೈಯದೆ ಎಳನೀರು ಕೆತ್ತಿಸಿ ತಂದ್ಕೊಡೋ ಅವ್ವಂಗೆ ಬೇಡ ಅಂತ ಹೇಳೋದು ಕಷ್ಟ ಅಂತ ನಂಗೂ ಗೊತ್ತು. ರಿಪೋರ್ಟ್ ಬರೋವರೆಗೆ ಅದರ ಬದ್ಲು ಮಾಮೂಲಿ ಉಪ್ಪು ಹಾಕಿದ ನೀರು ಮಜ್ಜಿಗೆ ಮಾಡಿಕೊಡೋಕೆ ಹೇಳಿ, ಡಾಕ್ಟರಮ್ಮ ಹೇಳಿದಾರೆ ಅನ್ನಿ.